ನೋಯದ ಕಣ್ಣಿಗೆ ಪಾಸ್ ಸಿಗಲಿಲ್ಲ

2020ರ ಏಪ್ರಿಲ್ ಮೊದಲ ವಾರ. ತುಮಕೂರು ಜಿಲ್ಲೆಯ ಹಳ್ಳಿಯಿಂದ ಸೋದರಮಾವ ಫೋನ್ ಮಾಡಿದರು. "ಎಡಗಣ್ಣ ಮುಂದೆ ಸೊಳ್ಳೆ ಹಾರ್ದಂಗೆ ಆಗ್ತೈತೆ ಕಣಪ್ಪ. ಕತ್ಲಲ್ಲಿ ಮೂಲೇಲಿ ಮಿಂಚು ಹೊಡ್ದಂಗೂ ಕಾಣ್ತೈತೆ" ಅಂದರು. ನೋವು ಇದೆಯಾ ಮಾವ ಅಂತ ಕೇಳಿದೆ. ಇಲ್ಲ. ಕೆಂಪಾಗಿದೆಯಾ? ಇಲ್ಲ. ನೀರು ಸೋರುತ್ತಾ? ಅದೂ ಇಲ್ಲ. ಹಾಗಾದರೆ ಲಾಕ್‌ಡೌನ್ ಮುಗಿದ ಮೇಲೆ ತೋರಿಸಿದರಾಯಿತು ಬಿಡಿ ಅಂತ ನಾನೇ ಹೇಳಿದೆ. ಅವರಿಗೂ ಅದೇ ಸರಿ ಅನಿಸಿತು. ಬಸ್ಸಿಲ್ಲ. ಬೈಕಿನಲ್ಲಿ ಹೊರಟರೆ ಚೆಕ್‌ಪೋಸ್ಟಿನಲ್ಲಿ ಪೊಲೀಸರಿಗೆ ಏನು ಹೇಳುವುದು? ಸೊಳ್ಳೆ ಕಾಣ್ತೈತೆ ಸಾರ್ ಅಂತಲಾ? ಇಬ್ಬರೂ ನಕ್ಕೆವು.

ವಾರ ಕಳೆಯುವಷ್ಟರಲ್ಲಿ ಆ ಕಣ್ಣಿನ ಒಂದು ಬದಿಯಿಂದ ಕಪ್ಪು ಪರದೆ ಇಳಿಯತೊಡಗಿತು. ಬೆಂಗಳೂರಿಗೆ ಬಂದು ತೋರಿಸುವ ಹೊತ್ತಿಗೆ ಮೂರು ವಾರ ದಾಟಿತ್ತು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರ, ಅಂದರೆ ರೆಟಿನಾ, ಪೂರ್ತಿ ಕಳಚಿಕೊಂಡಿತ್ತು. ಆಪರೇಷನ್ ಆಯಿತು. ಕಣ್ಣು ಉಳಿಯಿತು, ದೃಷ್ಟಿ ಅರ್ಧಂಬರ್ಧ ಬಂತು. ಪೇಪರಿನ ದೊಡ್ಡ ಹೆಡ್‌ಲೈನ್ ಆ ಕಣ್ಣಿಗೆ ಕಾಣುತ್ತದೆ, ಕೆಳಗಿನ ಸುದ್ದಿ ಕಾಣುವುದಿಲ್ಲ.

ಆಮೇಲೆ ಈ ವಿಷಯ ಓದುತ್ತಾ ಹೋದಾಗ ಗೊತ್ತಾಯಿತು, ನಾವಿಬ್ಬರು ಮಾಡಿದ ತಪ್ಪನ್ನು ಆ ದಿನಗಳಲ್ಲಿ ಲೋಕದ ತುಂಬ ಜನ ಮಾಡಿದ್ದರು. ಒಂದು ಸಣ್ಣ ಲೆಕ್ಕ ಹಾಕೋಣ. ರೆಟಿನಾ ಕಳಚಿಕೊಳ್ಳುವುದು ಅಪರೂಪದ ತೊಂದರೆ. ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಆಗುತ್ತದೆ ಅನ್ನುವುದು ಒರಟು ಅಂದಾಜು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 6.11 ಕೋಟಿ ಜನ. ಅಂದರೆ ವರ್ಷಕ್ಕೆ ಆರು ಸಾವಿರ ಚಿಲ್ಲರೆ ಮಂದಿ. ಲಾಕ್‌ಡೌನ್ 2020ರ ಮಾರ್ಚ್ 25ರಿಂದ ಮೇ 31ರವರೆಗೆ, ನಾಲ್ಕು ಕಂತಿನಲ್ಲಿ, ಒಟ್ಟು 68 ದಿನ ನಡೆಯಿತು. ಆ 68 ದಿನಗಳಲ್ಲಿ ನಮ್ಮ ರಾಜ್ಯ ಒಂದರಲ್ಲೇ ಸಾವಿರದ ಆಸುಪಾಸು ಜನರ ರೆಟಿನಾ ಕಳಚಿರಬೇಕು. ಕೊರೊನಾ ಬಂತು ಅಂತ ರೆಟಿನಾ ಏನೂ ರಜೆ ಹಾಕುವುದಿಲ್ಲ. ಆದರೆ ಫಿಲಡೆಲ್ಫಿಯಾ, ಲಂಡನ್ ಮುಂತಾದ ಕಡೆ ರೆಟಿನಾ ಡಾಕ್ಟರುಗಳು ಆ ವರ್ಷ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು: ಬರುವವರು ಕಡಿಮೆಯಾದರು, ಬಂದವರು ತಡವಾಗಿ ಬಂದರು, ನಡುಭಾಗದ ದೃಷ್ಟಿ ಹೋಗುವ ಮೊದಲೇ ಬಂದವರ ಪಾಲು ಇಳಿಯಿತು.

ಹಾಗಾದರೆ ಬರದೆ ಉಳಿದವರು ಯಾರು? ನನಗೆ ಎರಡು ಜರಡಿ ಕಾಣುತ್ತವೆ. ಒಂದು ನೋವು, ಇನ್ನೊಂದು ದೂರ. ಕಣ್ಣು ಜೋರಾಗಿ ನೋಯುತ್ತಿದ್ದವರು ಬಂದರು. ಆಸ್ಪತ್ರೆ ಹತ್ತಿರ ಇದ್ದವರು ಬಂದರು. ಕಣ್ಣಿಗೆ ನಿಜಕ್ಕೂ ಎಷ್ಟು ಅಪಾಯ ಇದೆ ಅನ್ನುವುದಕ್ಕೂ ಈ ಎರಡಕ್ಕೂ ಹೆಚ್ಚು ಸಂಬಂಧ ಇರಲಿಲ್ಲ.

ಶೇ 97 ಮತ್ತು ಶೇ 35

ದೆಹಲಿಯ ಏಮ್ಸ್‌ನಲ್ಲಿ ಡಾ. ರಾಜೇಂದ್ರ ಪ್ರಸಾದ್ ಹೆಸರಿನ ಕಣ್ಣಿನ ಕೇಂದ್ರ ಇದೆ. ದೇಶದ ದೊಡ್ಡ ಸರ್ಕಾರಿ ಕಣ್ಣಾಸ್ಪತ್ರೆಗಳಲ್ಲಿ ಒಂದು. ಅಲ್ಲಿನ ವೈದ್ಯರು ಲಾಕ್‌ಡೌನಿನ ಹಿಂದಿನ ಮತ್ತು ನಂತರದ ದಿನಗಳ ಲೆಕ್ಕವನ್ನು 2020ರಲ್ಲೇ ಪ್ರಕಟಿಸಿದರು. ಮಾಮೂಲಿ ಓಪಿಡಿಗೆ ಬರುವವರು ಶೇ 97ರಷ್ಟು ಕಡಿಮೆಯಾಗಿದ್ದರು. ತುರ್ತು ವಿಭಾಗಕ್ಕೆ ಬರುವವರು ಕಡಿಮೆಯಾದದ್ದು ಶೇ 35ರಷ್ಟು ಮಾತ್ರ.

ಮೊದಲ ನೋಟಕ್ಕೆ ಇದು ಸಮಾಧಾನದ ಸುದ್ದಿ ಅನಿಸುತ್ತದೆ. ಕನ್ನಡಕದ ನಂಬರ್ ನೋಡಿಸಲು ಬರುವವರು ಮನೆಯಲ್ಲಿ ಉಳಿದರು, ತುರ್ತಿನವರು ಮೂರರಲ್ಲಿ ಇಬ್ಬರಾದರೂ ಬಂದರಲ್ಲ ಅಂತ. ಆದರೆ ತುರ್ತು ವಿಭಾಗದ ಬಾಗಿಲಿನ ಸ್ವಭಾವ ಗೊತ್ತಿದ್ದವರಿಗೆ ಈ ಸಂಖ್ಯೆ ಅಷ್ಟು ಹಿತವಾಗಿ ಕೇಳಿಸುವುದಿಲ್ಲ. ಮಾಮೂಲಿ ದಿನಗಳಲ್ಲೇ ಕಣ್ಣಿನ ತುರ್ತು ವಿಭಾಗಕ್ಕೆ ಬರುವವರಲ್ಲಿ ದೊಡ್ಡ ಪಾಲು ನಿಜವಾದ ತುರ್ತಿನವರಲ್ಲ. ಕಣ್ಣು ತುರಿಸುತ್ತದೆ, ಕುರು ಎದ್ದಿದೆ, ಓಪಿಡಿ ಕ್ಯೂ ಉದ್ದ ಇದೆ ಅಂತ ಬರುವವರೂ ಇರುತ್ತಾರೆ. ಓಪಿಡಿಯೇ ಮುಚ್ಚಿದರೆ ಅವರಿಗೆ ಉಳಿಯುವುದು ಆ ಒಂದೇ ಬಾಗಿಲು. ಆದ್ದರಿಂದ ತಲೆ ಎಣಿಸಿದರೆ ಸಾಲದು, ಒಳಗೆ ಏನು ನಡೆಯಿತು ಅಂತಲೂ ನೋಡಬೇಕು. ಅದೇ ಲೆಕ್ಕದಲ್ಲಿ ಇನ್ನೊಂದು ಸಾಲು ಇದೆ: ತುರ್ತು ಆಪರೇಷನ್‌ಗಳು ಅರ್ಧಕ್ಕಿಂತ ಜಾಸ್ತಿ, ಶೇ 58ಕ್ಕೂ ಹೆಚ್ಚು ಇಳಿದಿದ್ದವು. ಬಂದವರು ಮೂರನೇ ಒಂದು ಪಾಲು ಕಡಿಮೆ, ಕೊಯ್ದು ಸರಿಮಾಡಬೇಕಾದವರು ಅದಕ್ಕಿಂತ ಬಹಳ ಕಡಿಮೆ. ಇದಕ್ಕೆ ಒಂದೇ ಕಾರಣ ಹೇಳಲು ಆಗುವುದಿಲ್ಲ. ರಸ್ತೆ ಅಪಘಾತ, ಕಾರ್ಖಾನೆಯ ಗಾಯ ನಿಜವಾಗಿಯೂ ಇಳಿದಿದ್ದವು. ಉಳಿದ ಕೊರತೆಯಲ್ಲಿ ನಮ್ಮ ಮಾವನಂಥವರೂ ಇದ್ದಿರಬೇಕು.

ಇದು ದೊಡ್ಡ ಆಸ್ಪತ್ರೆಯ ಮಾತು. ಊರಿನ ಕ್ಲಿನಿಕ್‌ಗಳ ಸ್ಥಿತಿ ಬೇರೆಯೇ ಇತ್ತು. ಆ ಲಾಕ್‌ಡೌನಿನಲ್ಲಿ ದೇಶದ 1,260 ಕಣ್ಣಿನ ವೈದ್ಯರನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ ಶೇ 72.5 ಮಂದಿ ತಾವು ಯಾವ ರೋಗಿಯನ್ನೂ ನೋಡುತ್ತಿಲ್ಲ ಅಂದಿದ್ದರು. ನೋಡುತ್ತಿದ್ದವರಲ್ಲೂ ಬಹುಪಾಲು ಜನ ತುರ್ತಿನವರನ್ನು ಮಾತ್ರ ನೋಡುತ್ತಿದ್ದರು. ತಾಲ್ಲೂಕಿನಲ್ಲಿ ಇರುವುದೇ ಇಬ್ಬರು ಕಣ್ಣಿನ ಡಾಕ್ಟರು ಅಂದುಕೊಳ್ಳಿ. ಇಬ್ಬರೂ ಬಾಗಿಲು ಹಾಕಿದರೆ ಆ ತಾಲ್ಲೂಕಿನ ಮಟ್ಟಿಗೆ ಕಣ್ಣಿನ ತುರ್ತು ಸೇವೆ ಅನ್ನುವುದೇ ಇಲ್ಲ.

ಅವರು ಬಾಗಿಲು ಹಾಕಿದ್ದು ಸೋಮಾರಿತನಕ್ಕಲ್ಲ

ವುಹಾನ್ ನಗರದಲ್ಲಿ ಹೊಸ ಜ್ವರದ ಬಗ್ಗೆ 2019ರ ಡಿಸೆಂಬರ್ 30ರಂದು ಜೊತೆಯ ಡಾಕ್ಟರುಗಳನ್ನು ಎಚ್ಚರಿಸಿ, ಆಮೇಲೆ ಪೊಲೀಸರಿಂದ ಬೈಸಿಕೊಂಡ ಲಿ ವೆನ್‌ಲಿಯಾಂಗ್ ಕಣ್ಣಿನ ಡಾಕ್ಟರು. ಅವರಿಗೆ ಸೋಂಕು ತಗುಲಿದ್ದು ಗ್ಲುಕೋಮಾ (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ತೋರಿಸಲು ಬಂದ ರೋಗಿಯಿಂದ ಅಂತ ಹೇಳಲಾಗುತ್ತದೆ. ಆ ರೋಗಿಗೆ ಜ್ವರ, ಕೆಮ್ಮು ಏನೂ ಇರಲಿಲ್ಲ. 2020ರ ಫೆಬ್ರವರಿ 7ರಂದು ಲಿ ತೀರಿಕೊಂಡರು. ಆಗ ಅವರಿಗೆ 33 ವರ್ಷ.

ಕಣ್ಣು ತೋರಿಸಿಕೊಂಡವರಿಗೆಲ್ಲ ಗೊತ್ತಿರುತ್ತದೆ. ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರಕ್ಕೆ ಗಲ್ಲ ಒತ್ತಿ ಕೂರಬೇಕು. ಆ ಕಡೆಯಿಂದ ಡಾಕ್ಟರು ಕಣ್ಣಿಟ್ಟು ನೋಡುತ್ತಾರೆ. ಇಬ್ಬರ ಮೂಗಿನ ನಡುವೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. ಆರು ಅಡಿ ದೂರ ನಿಂತು ಕಣ್ಣೊಳಗೆ ನೋಡುವ ವಿದ್ಯೆ ಇನ್ನೂ ಬಂದಿಲ್ಲ. ಅಮೆರಿಕದ ಕಣ್ಣಿನ ವೈದ್ಯರ ಸಂಘ 2020ರ ಮಾರ್ಚ್ 18ರಂದೇ ತುರ್ತು ಅಲ್ಲದ ಎಲ್ಲ ಚಿಕಿತ್ಸೆ ನಿಲ್ಲಿಸಿ ಅಂದಿತು. ನಮ್ಮ ದೇಶದ ಸಂಘವೂ ಅಂಥದ್ದೇ ಸಲಹೆ ಕೊಟ್ಟಿತು. ಯಂತ್ರದ ಮಧ್ಯೆ ಉಸಿರು ತಡೆಯುವ ಪ್ಲಾಸ್ಟಿಕ್ ಹಾಳೆ ಬಂತು. ಕೆಲವು ಕಡೆ ಹಳೆಯ ಎಕ್ಸ್‌ರೇ ಫಿಲ್ಮನ್ನೇ ಕತ್ತರಿಸಿ ಕಟ್ಟಿಕೊಂಡರು.

ಆದರೆ "ತುರ್ತು ಇದ್ದರೆ ಮಾತ್ರ ಬನ್ನಿ" ಅನ್ನುವ ಬೋರ್ಡಿನಲ್ಲಿ ಒಂದು ತೊಡಕಿದೆ. ತುರ್ತು ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಕೆಲಸವನ್ನು ಅದು ರೋಗಿಯ ತಲೆಗೇ ಕಟ್ಟುತ್ತದೆ. ರೋಗಿಯ ಹತ್ತಿರ ಇರುವ ಅಳತೆಗೋಲು ಒಂದೇ, ನೋವು.

ನೋವು ಸುಳ್ಳು ಹೇಳುತ್ತದೆ

ವೆಲ್ಡಿಂಗ್ ಶಾಪಿನ ಹುಡುಗರನ್ನು ಕೇಳಿ. ಕನ್ನಡಕ ಹಾಕದೆ ಕಿಡಿ ನೋಡಿದ ದಿನ ರಾತ್ರಿ ಕಣ್ಣಿಗೆ ಮೆಣಸಿನ ಪುಡಿ ಹಾಕಿದ ಹಾಗೆ ಉರಿ. ಒದ್ದಾಡಿಬಿಡುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅದು ವಾಸಿಯಾಗುತ್ತದೆ. ಕಣ್ಣಿಗೆ ಧೂಳಿನ ಕಣ ಬಿದ್ದರೂ ಹಾಗೇ. ನೋವು ಬೆಟ್ಟದಷ್ಟು, ಕಣ ತೆಗೆದರೆ ಮುಗಿಯಿತು.

ಈಗ ಇನ್ನೊಂದು ತುದಿ ನೋಡಿ. ರೆಟಿನಾಗೆ ರಕ್ತ ಒಯ್ಯುವ ಮುಖ್ಯ ನಾಳ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಆ ಕಣ್ಣಿನ ಕಥೆ ಮುಗಿಯುತ್ತದೆ. ನೋವು? ಸೊನ್ನೆ. ಒಂದು ಕಣ್ಣು ಸ್ವಿಚ್ ಆರಿಸಿದ ಹಾಗೆ ಕತ್ತಲಾಗುತ್ತದೆ, ಅಷ್ಟೇ. ಅದು ಮಿದುಳಿನ ಸ್ಟ್ರೋಕಿಗೂ ಮುನ್ಸೂಚನೆ ಇರಬಹುದು. ರೆಟಿನಾ ಕಳಚುವಾಗಲೂ ನೋವಿಲ್ಲ. ರೆಟಿನಾದಲ್ಲಿ ನೋವು ತಿಳಿಯುವ ನರಗಳೇ ಇಲ್ಲ, ನೋಯುವುದಾದರೂ ಹೇಗೆ? ನಡುಭಾಗ ಕಳಚುವ ಮೊದಲೇ ಆಪರೇಷನ್ ಆದರೆ ಓದುವ ದೃಷ್ಟಿ ಉಳಿಯುತ್ತದೆ. ಅದಕ್ಕೇ ಅಂಥವರನ್ನು ಒಂದೆರಡು ದಿನದಲ್ಲೇ ಟೇಬಲ್ ಮೇಲೆ ಮಲಗಿಸಲು ಡಾಕ್ಟರುಗಳು ಆತುರಪಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ಸುರಿದರೂ ನೋವಿಲ್ಲ. ಇದ್ದಕ್ಕಿದ್ದಂತೆ ಬರುವ ಒಂದು ಬಗೆಯ ಗ್ಲುಕೋಮಾ ಮಾತ್ರ ಇಲ್ಲಿ ಅಪವಾದ. ಅದರಲ್ಲಿ ಕಣ್ಣು ಸಿಡಿಯುತ್ತದೆ, ವಾಂತಿಯೂ ಆಗುತ್ತದೆ. ವಾಂತಿ ನೋಡಿ ಹೊಟ್ಟೆಗೆ ಮಾತ್ರೆ ಕೊಟ್ಟು ಮಲಗಿಸುವವರೂ ಇದ್ದಾರೆ ಅನ್ನುವುದು ಬೇರೆ ಮಾತು.

ಮಾಮೂಲಿ ದಿನಗಳಲ್ಲಿ ಈ ನೋಯದ ತುರ್ತುಗಳು ಹೇಗೋ ಸಿಕ್ಕಿಬೀಳುತ್ತವೆ. ಪೇಟೆಗೆ ಹೋದಾಗ ಕನ್ನಡಕದಂಗಡಿಯವನು ಏನೋ ಸರಿಯಿಲ್ಲ ಅನ್ನುತ್ತಾನೆ. ಮಗಳು ರಜೆಗೆ ಬಂದವಳು ಗಮನಿಸುತ್ತಾಳೆ. ಶುಗರ್ ಚೆಕಪ್ಪಿಗೆ ಹೋದಾಗ ಡಾಕ್ಟರು ಕಣ್ಣು ತೋರಿಸಿ ಅನ್ನುತ್ತಾರೆ. ಲಾಕ್‌ಡೌನಿನಲ್ಲಿ ಈ ಎಲ್ಲ ಸಣ್ಣ ದಾರಿಗಳೂ ಒಟ್ಟಿಗೆ ಮುಚ್ಚಿದವು.

ಇವೆಲ್ಲಕ್ಕಿಂತ ಮೌನದ ತುರ್ತು ತಿಂಗಳು ತುಂಬದೆ ಹುಟ್ಟಿದ ಮಕ್ಕಳದು. ಅಂಥ ಮಕ್ಕಳ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ತೊಂದರೆ ಬರಬಹುದು. ನಮ್ಮ ದೇಶದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಕೂಸುಗಳ ಕಣ್ಣನ್ನು ಹುಟ್ಟಿದ 30 ದಿನದೊಳಗೆ ನೋಡಬೇಕು ಅನ್ನುವುದು ನಿಯಮ. ಬಹಳ ಬೇಗ ಹುಟ್ಟಿದ್ದರೆ ಇನ್ನೂ ಮೊದಲೇ ನೋಡಬೇಕು. ಕಾಯಿಲೆ ಬಲಿತಿದ್ದರೆ ಎರಡು ಮೂರು ದಿನದಲ್ಲಿ ಲೇಸರ್ ಅಥವಾ ಇಂಜೆಕ್ಷನ್. ಕೂಸು ಹೇಳುವುದಿಲ್ಲ, ಅಳುವುದಿಲ್ಲ, ಕಣ್ಣು ನೋಡಲು ಮುದ್ದಾಗೇ ಇರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆ ಸೇರಿದ ಬಾಣಂತಿಗೆ, ಕೊರೊನಾ ಇರುವ ಊರಿಗೆ ಕೂಸು ಕಟ್ಟಿಕೊಂಡು ಮತ್ತೆ ಬನ್ನಿ ಅಂದರೆ ಯಾವ ಅತ್ತೆ ಕಳಿಸುತ್ತಾರೆ ಹೇಳಿ?

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಅನುಭವ ಮೊದಲೇ ಇತ್ತು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಅನ್ನುವ ಯೋಜನೆ ಶುರುಮಾಡಿತ್ತು. ಡಾ. ಆನಂದ್ ವಿಣೇಕರ್ ಅದರ ಮುಂದಾಳು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ವಾರ್ಡುಗಳಿಗೆ ಹೋಗುತ್ತಾರೆ, ರೆಟಿನಾದ ಫೋಟೊ ತೆಗೆಯುತ್ತಾರೆ, ಬೆಂಗಳೂರಿನ ಡಾಕ್ಟರು ಅದನ್ನು ನೋಡಿ ಹೇಳುತ್ತಾರೆ. ಅಂದರೆ ಕೂಸು ಆಸ್ಪತ್ರೆಗೆ ಬರುವುದರ ಬದಲು ಕ್ಯಾಮೆರಾ ಕೂಸಿನ ಹತ್ತಿರ ಹೋಗುತ್ತದೆ. ಸಾಂಕ್ರಾಮಿಕಕ್ಕೆ ಅಂತ ಮಾಡಿದ್ದಲ್ಲ ಅದು. ದೂರಕ್ಕೆ ಅಂತ ಮಾಡಿದ್ದು.

ಹೊಲಕ್ಕೆ ವಿನಾಯಿತಿ, ಬಸ್ಸಿಗಿಲ್ಲ

ದೂರದ ಜರಡಿ ಹೇಗೆ ಕೆಲಸ ಮಾಡಿತು ಅನ್ನುವುದಕ್ಕೆ ನನಗೆ ಹೆಚ್ಚು ಕಾಡುವ ಉದಾಹರಣೆ ರೈತರದು. ಲಾಕ್‌ಡೌನ್ ಶುರುವಾಗಿ ಎರಡೇ ದಿನಕ್ಕೆ, ಮಾರ್ಚ್ 27ರಂದು, ಕೇಂದ್ರ ಸರ್ಕಾರ ಬೇಸಾಯದ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. ಕೊಡಲೇಬೇಕಿತ್ತು, ಕೊಯ್ಲಿಗೆ ಬಂದ ಬೆಳೆ ಕಾಯುವುದಿಲ್ಲ. ನಮ್ಮ ಕಡೆ ಅದು ಹುಣಸೆ ಬಡಿಯುವ ಕಾಲ. ತುಂಗಭದ್ರಾ ಬಯಲಿನಲ್ಲಿ ಬೇಸಿಗೆ ಭತ್ತ ಕಟಾವಿಗೆ ಬರುತ್ತಿತ್ತು. ಭತ್ತದ ಹೊಟ್ಟು, ಕಬ್ಬಿನ ಗರಿ, ಹುಣಸೆ ಕಡ್ಡಿ ಕಣ್ಣಿಗೆ ತಾಕುವುದು ಇಂಥ ಕೆಲಸಗಳಲ್ಲಿ ದಿನದ ಮಾತು. ಆದರೆ ನಮ್ಮ ಸಾರಿಗೆ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ಅಂದರೆ ಗಾಯವಾಗುವ ಜಾಗ ತೆರೆದಿತ್ತು, ಗಾಯ ತೋರಿಸುವ ದಾರಿ ಮುಚ್ಚಿತ್ತು.

ಕರಿಗುಡ್ಡೆಯ ಮೇಲೆ ಹೊಟ್ಟು ಗೀರಿದರೆ ಮೊದಲ ಎರಡು ದಿನ ಮರಳು ಬಿದ್ದ ಹಾಗೆ ಅನಿಸುತ್ತದೆ. ಹಿತ್ತಲಿನ ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಮನೆಗೊಂದು ಮದ್ದು ನಡೆಯುತ್ತದೆ. ಮೂರನೇ ದಿನ ಮೆಡಿಕಲ್ ಸ್ಟೋರ್. ಲಾಕ್‌ಡೌನಿನಲ್ಲಿ ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ಅದೂ ಒಂದು. ಅಲ್ಲಿ ಕೇಳಿದ್ದಕ್ಕೆ ಒಂದು ಡ್ರಾಪ್ಸ್ ಸಿಗುತ್ತದೆ. ಎಷ್ಟೋ ಸಲ ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಕೆಂಪು ಇಳಿಯುತ್ತದೆ, ನೋವೂ ಇಳಿಯುತ್ತದೆ, ವಾಸಿಯಾಯಿತು ಅನಿಸುತ್ತದೆ. ಆದರೆ ಹೊಟ್ಟಿನ ಜೊತೆ ಬಂದದ್ದು ಶಿಲೀಂಧ್ರವಾಗಿದ್ದರೆ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ. ಒಂದೆರಡು ವಾರದಲ್ಲಿ ಗುಡ್ಡೆಯ ಮೇಲೆ ಬಿಳಿ ಮಚ್ಚೆ, ಆಮೇಲೆ ತೂತು. ಈ ಹುಣ್ಣಿಗೆ ಕೊಡುವ ನಾಟಮೈಸಿನ್ ಡ್ರಾಪ್ಸನ್ನು ಶುರುವಿನಲ್ಲಿ ಗಂಟೆಗೊಮ್ಮೆ ಹಾಕಬೇಕು, ಅದು ಹಳ್ಳಿಯ ಅಂಗಡಿಗಳಲ್ಲಿ ಸಿಗುವುದೂ ಕಷ್ಟ.

ಗುಡ್ಡೆ ತೂತಾದರೆ ಕಣ್ಣು ಉಳಿಸಲು ದಾನಿಯ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಬೇಕು. ಅಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸೋಂಕಿನ ಭಯಕ್ಕೆ ಕಣ್ಣಿನ ಬ್ಯಾಂಕುಗಳು ಸಂಗ್ರಹ ನಿಲ್ಲಿಸಿದ್ದವು. ಏಮ್ಸ್‌ನ ಅದೇ ಲೆಕ್ಕದಲ್ಲಿ ದಾನದ ಕಾರ್ನಿಯಾ ಶೇ 99ಕ್ಕೂ ಹೆಚ್ಚು ಇಳಿದಿತ್ತು. ವೈದ್ಯರು ಗ್ಲಿಸರಿನ್‌ನಲ್ಲಿ ಕಾಪಿಟ್ಟ ಹಳೆಯ ಕಾರ್ನಿಯಾ, ಅಂಟು, ಗರ್ಭದ ಪೊರೆ ಇಟ್ಟು ತೂತು ಮುಚ್ಚಿ ಕಾಲ ತಳ್ಳಿದರು. ಇದರಿಂದ ಗುಡ್ಡೆ ಉಳಿಯಬಹುದು, ನೋಟ ಸ್ಪಷ್ಟವಾಗುವುದು ಅನುಮಾನ. ಕಣ್ಣಿನ ದಾನಕ್ಕೆ ನಮ್ಮಲ್ಲಿ ಮತ್ತೆ ದೊಡ್ಡ ಹುಮ್ಮಸ್ಸು ಬಂದದ್ದು 2021ರ ಅಕ್ಟೋಬರ್ ಕೊನೆಗೆ, ಪುನೀತ್ ರಾಜ್‌ಕುಮಾರ್ ತೀರಿಕೊಂಡು ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ.

ಗಡಿಯಲ್ಲಂತೂ ದೂರ ಅನ್ನುವುದಕ್ಕೆ ಬೇರೆಯೇ ಅರ್ಥ ಬಂತು. ಕಾಸರಗೋಡಿನ ಜನರಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರು. ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸ್‌ಗಳೂ ನಿಂತವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಹೃದಯದ ಕಾಯಿಲೆಯವರನ್ನೇ ಬಿಡುತ್ತಾರೋ ಇಲ್ಲವೋ ಅಂತ ವಾದ ನಡೆಯುವಾಗ ಕಣ್ಣು ಮಂಜಾಗಿದೆ ಅಂತ ಯಾರು ಹೊರಡುತ್ತಾರೆ?

ಮನೆಯೊಳಗಿನ ಗಾಯಗಳು

ಬಂದವರ ಪಟ್ಟಿಯೂ ಬದಲಾಗಿತ್ತು. ಮಕ್ಕಳು ಮನೆಯಲ್ಲಿದ್ದರು. 2020ರ ಮಾರ್ಚ್ 28ರಿಂದ ದೂರದರ್ಶನ ಹಳೆಯ ರಾಮಾಯಣ ಧಾರಾವಾಹಿಯನ್ನು ಮತ್ತೆ ಹಾಕಿತು. ಪೊರಕೆ ಕಡ್ಡಿ ಬಾಣವಾಯಿತು. ಬಿಲ್ಲುಬಾಣದ ಆಟದಲ್ಲಿ ಕಣ್ಣಿಗೆ ಪೆಟ್ಟು ತಿಂದ ಮಕ್ಕಳ ಸುದ್ದಿ ಹೈದರಾಬಾದಿನಿಂದ ಬಂತು. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಒತ್ತಿ ಕಣ್ಣಿಗೆ ಸಿಡಿಸಿಕೊಳ್ಳುವ ಮಕ್ಕಳು ಯಾವತ್ತೂ ಇದ್ದಾರೆ. ಸುಣ್ಣ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ಅರ್ಧ ಗಂಟೆ ನಲ್ಲಿ ನೀರಿನಲ್ಲಿ ತೊಳೆಯಬೇಕು ಅನ್ನುವುದು ಮಾತ್ರ ಇವತ್ತಿಗೂ ಬಹಳ ಮನೆಗಳಿಗೆ ಗೊತ್ತಿಲ್ಲ.

ಸ್ಯಾನಿಟೈಸರ್ ಹೊಸ ಶತ್ರು. ಅಂಗಡಿ, ಮಾಲುಗಳ ಬಾಗಿಲಲ್ಲಿ ಕಾಲಿನಿಂದ ಒತ್ತುವ ಸ್ಟ್ಯಾಂಡ್ ನೆನಪಿದೆಯಲ್ವಾ? ಅದರ ಮೂತಿ ದೊಡ್ಡವರ ಕೈ ಮಟ್ಟಕ್ಕೆ ಇರುತ್ತದೆ, ಅಂದರೆ ನಾಲ್ಕೈದು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ. ಫ್ರಾನ್ಸಿನ ವಿಷ ಮಾಹಿತಿ ಕೇಂದ್ರಗಳ ದಾಖಲೆಯಲ್ಲಿ, 2019ರ ಏಪ್ರಿಲ್‌ನಿಂದ ಆಗಸ್ಟ್ ನಡುವೆ ಮಕ್ಕಳ ಕಣ್ಣಿಗೆ ಸ್ಯಾನಿಟೈಸರ್ ಬಿದ್ದ 9 ಪ್ರಕರಣಗಳಿದ್ದರೆ, ಮರುವರ್ಷ ಅದೇ ತಿಂಗಳುಗಳಲ್ಲಿ 63. ಇನ್ನು ವೈರಸ್ ಕೊಲ್ಲಲು ಅಂತ ಮನೆಗೆ ನೇರಳಾತೀತ ದೀಪ ತಂದು ಅದರ ಮುಂದೆ ಕೂತವರೂ ಇದ್ದರು. ಅಮೆರಿಕದ ಮಯಾಮಿಯಲ್ಲಿ ಹಾಗೆ ಕಣ್ಣು ಸುಟ್ಟುಕೊಂಡ ಏಳು ಜನರ ವರದಿಯೇ ಬಂತು. ವೆಲ್ಡಿಂಗ್ ಹುಡುಗರ ತೊಂದರೆಯೇ ಅದು, ಕೊಂಚ ಜಾಸ್ತಿ ದುಡ್ಡು ಕೊಟ್ಟು ಕೊಂಡದ್ದು. ಗಮನಿಸಿ, ಇವೆಲ್ಲ ನೋಯುವ ಗಾಯಗಳು. ಅದಕ್ಕೇ ಲೆಕ್ಕಕ್ಕೆ ಸಿಕ್ಕಿವೆ.

ಮುಂದೂಡಿದ್ದು ಬಡ್ಡಿ ಸಮೇತ ಬಂತು

ಕಣ್ಣಿನ ಪೊರೆ ತುರ್ತು ಅಲ್ಲ. ಇವತ್ತಲ್ಲದಿದ್ದರೆ ಮುಂದಿನ ತಿಂಗಳು ಮಾಡಿಸಬಹುದು. ಹಾಗಂತ ಎಲ್ಲರೂ ಮುಂದೂಡಿದರು. ದೇಶದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಆಪರೇಷನ್ ನಡೆಯುತ್ತಿತ್ತು. 2020-21ರಲ್ಲಿ ಅದು 40 ಲಕ್ಷವನ್ನೂ ಮುಟ್ಟಲಿಲ್ಲ. ಉಚಿತ ಶಿಬಿರಗಳು ನಿಂತವು, ಹಳ್ಳಿಗೆ ಬರುತ್ತಿದ್ದ ಆಸ್ಪತ್ರೆ ವ್ಯಾನು ನಿಂತಿತು.

ಪೊರೆ ಸುಮ್ನೆ ಕೂರುವುದಿಲ್ಲ. ಬಲಿತು ಉಬ್ಬಿ ಕಣ್ಣೊಳಗಿನ ನೀರಿನ ದಾರಿ ಮುಚ್ಚುತ್ತದೆ, ಇಲ್ಲವೇ ಅತಿಯಾಗಿ ಹಣ್ಣಾಗಿ ಸೋರಿ ಅದೇ ದಾರಿಯನ್ನು ಕಟ್ಟುತ್ತದೆ. ಒತ್ತಡ ಏರುತ್ತದೆ, ತಡವಾದರೆ ನರವೇ ಸಾಯುತ್ತದೆ. ಲಾಕ್‌ಡೌನಿನ ನಂತರ ಈ ಬಗೆಯ ರೋಗಿಗಳ ಪಾಲು ಹೆಚ್ಚಿದ್ದನ್ನು ಮದುರೈನ ಅರವಿಂದ ಕಣ್ಣಾಸ್ಪತ್ರೆಯವರು ಗಮನಿಸಿ ಬರೆದರು. ಮಾರ್ಚಿನಲ್ಲಿ ತುರ್ತು ಅಲ್ಲ ಅಂತ ಕಳಿಸಿದ ಕಣ್ಣೇ ಬೇಸಿಗೆ ಕಳೆದ ಮೇಲೆ ತುರ್ತು ವಿಭಾಗದ ಬಾಗಿಲಿಗೆ ಬಂದಿತ್ತು. ಗ್ಲುಕೋಮಾ ಡ್ರಾಪ್ಸ್ ಖಾಲಿಯಾಗಿ ಹಾಗೇ ಬಿಟ್ಟವರು, ರೆಟಿನಾಗೆ ತಿಂಗಳಿಗೊಮ್ಮೆ ಹಾಕಿಸಿಕೊಳ್ಳುತ್ತಿದ್ದ ಇಂಜೆಕ್ಷನ್ ತಪ್ಪಿಸಿಕೊಂಡವರ ಕಥೆಯೂ ಇದೇ.

ಮರುವರ್ಷ ಎಲ್ಲ ತಲೆಕೆಳಗು

2021ರ ಮೇ ತಿಂಗಳು. ಎರಡನೇ ಅಲೆ. ಈ ಸಲ ಸಾಂಕ್ರಾಮಿಕವೇ ಕಣ್ಣಿನ ತುರ್ತನ್ನು ಹುಟ್ಟಿಸಿತು. ಬ್ಲ್ಯಾಕ್ ಫಂಗಸ್. ಕೊರೊನಾದಿಂದ ಚೇತರಿಸಿಕೊಳ್ಳುತ್ತಿದ್ದವರ ಮುಖ ನೋಯಿತು, ರೆಪ್ಪೆ ಊದಿತು, ಒಂದು ಎರಡಾಗಿ ಕಂಡಿತು. ಕೇಂದ್ರ ಸರ್ಕಾರ ಮೇ 20ರಂದು ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಲು ರಾಜ್ಯಗಳಿಗೆ ಹೇಳಿತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ, 4,300ಕ್ಕೂ ಹೆಚ್ಚು ಸಾವು. ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆಯನ್ನು ಇದಕ್ಕೆ ಮೀಸಲಿಟ್ಟರು. ಇದಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಜನ ಊರೂರು ಅಲೆದರು.

ಕಣ್ಣಿನ ವೈದ್ಯರು ದೇಶದ ಹಲವು ಕೇಂದ್ರಗಳಿಂದ 2,826 ರೋಗಿಗಳ ವಿವರ ಒಟ್ಟುಮಾಡಿದಾಗ ಶೇ 78 ಜನರಿಗೆ ಸಕ್ಕರೆ ಕಾಯಿಲೆ ಇತ್ತು, ಶೇ 87 ಜನ ಸ್ಟಿರಾಯ್ಡ್ ತೆಗೆದುಕೊಂಡಿದ್ದರು. ಜೀವ ಉಳಿಸಲು ಕೆಲವರ ಕಣ್ಣುಗುಡ್ಡೆಯನ್ನೇ ಸುತ್ತಲಿನ ಮಾಂಸ ಸಮೇತ ತೆಗೆಯಬೇಕಾಯಿತು. ಹೋದ ವರ್ಷ ಖಾಲಿ ಬೆಂಚು ನೋಡಿದ್ದ ಡಾಕ್ಟರುಗಳು ಈ ವರ್ಷ ಕಿವಿ ಮೂಗಿನವರು, ಹಲ್ಲಿನವರ ಜೊತೆ ನಿಂತು ರಾತ್ರಿ ಹಗಲು ಕೊಯ್ದರು. ಇಲ್ಲೂ ನನ್ನ ಜರಡಿ ಮಾತು ನಿಜವಾಗುತ್ತದೆ. ಈ ಕಾಯಿಲೆ ನೋಯುತ್ತಿತ್ತು, ಮುಖದ ಮೇಲೆ ಕಾಣುತ್ತಿತ್ತು, ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ಜನ ಓಡಿ ಬಂದರು.

2023ರ ಮಳೆಗಾಲದ ಮದ್ರಾಸ್ ಐ ಇನ್ನೂ ತಮಾಷೆಯ ಉದಾಹರಣೆ. ರಾಜ್ಯದಲ್ಲಿ ಸಾವಿರಾರು ಜನರ ಕಣ್ಣು ಕೆಂಪಾಯಿತು, ಓಪಿಡಿಗಳು ಉಕ್ಕಿದವು. ಬಹುಪಾಲು ಒಂದೆರಡು ವಾರದಲ್ಲಿ ತಾನಾಗೇ ಹೋಗುವ ಬೇನೆ ಅದು. ಆ ಕೆಂಗಣ್ಣುಗಳ ಕ್ಯೂನಲ್ಲಿ ಹಿಂದೆ ಎಲ್ಲೋ ಒಬ್ಬರು ಕೆಂಪಿಲ್ಲದ, ನೋವಿಲ್ಲದ, ಪರದೆ ಇಳಿದ ಕಣ್ಣು ಇಟ್ಟುಕೊಂಡು ನಿಂತಿರಬಹುದು.

ಫೋನಿನಲ್ಲಿ ರೆಟಿನಾ ಕಾಣುವುದಿಲ್ಲ, ಪ್ರಶ್ನೆ ಕೇಳಬಹುದು

ಲಾಕ್‌ಡೌನ್ ಶುರುವಾದ ದಿನವೇ, ಮಾರ್ಚ್ 25ರಂದು, ದೇಶದಲ್ಲಿ ಟೆಲಿಮೆಡಿಸಿನ್ ನಿಯಮಗಳು ಹೊರಬಂದವು. ಏಪ್ರಿಲ್‌ನಲ್ಲಿ, ಮನೆಯಿಂದಲೇ ವಿಡಿಯೊದಲ್ಲಿ ಡಾಕ್ಟರನ್ನು ಕೇಳುವ ಸರ್ಕಾರಿ ಸೇವೆ ಇ-ಸಂಜೀವನಿ ಓಪಿಡಿ ಶುರುವಾಯಿತು. ಆ 1,260 ವೈದ್ಯರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಫೋನು, ವಿಡಿಯೊದಲ್ಲಿ ಸಲಹೆ ಕೊಡಲು ಶುರುಮಾಡಿದ್ದರು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ತುರ್ತು ವಿಭಾಗಕ್ಕೇ ವಿಡಿಯೊ ಕಾಲ್ ಇಟ್ಟಿತು. ಕೆಂಪು, ಊತ, ರೆಪ್ಪೆಯ ಕುರು ಇವಕ್ಕೆಲ್ಲ ಇದು ಚೆನ್ನಾಗಿ ನಡೆಯಿತು. ಕಣ್ಣಿನ ಹಿಂಭಾಗ ಮಾತ್ರ ಯಾವ ಮೊಬೈಲ್ ಕರೆಯಲ್ಲೂ ಕಾಣುವುದಿಲ್ಲ.

ಆದರೆ ನೋಡದೆಯೂ ಮಾಡಬಹುದಾದ ಕೆಲಸ ಒಂದಿದೆ. ನಾನು ಮಾವನಿಗೆ ಕೇಳಿದ ಪ್ರಶ್ನೆಗಳು ತಪ್ಪಾಗಿದ್ದವು. ನೋವು, ಕೆಂಪು, ನೀರು ಅಂತ ಕೇಳಿದೆ. ಕೇಳಬೇಕಾಗಿದ್ದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರೆ ನಿನ್ನೆಯ ಹಾಗೆ ಕಾಣುತ್ತಾ? ಹೊಸದಾಗಿ ಕಪ್ಪು ಚುಕ್ಕೆ, ಮಿಂಚು ಶುರುವಾಗಿದೆಯಾ? ಯಾವುದಾದರೂ ಬದಿಯಿಂದ ನೆರಳು ಬರುತ್ತಿದೆಯಾ? ಈ ಮೂರು ಪ್ರಶ್ನೆ ಕೇಳಲು ಡಾಕ್ಟರೇ ಆಗಬೇಕಿಲ್ಲ. 108ರ ಫೋನ್ ಎತ್ತುವವರು ಕೇಳಬಹುದು. ಆಶಾ ಕಾರ್ಯಕರ್ತೆಯರು ಕೇಳಬಹುದು. ಲಾಕ್‌ಡೌನಿನಲ್ಲಿ ಮನೆಮನೆಗೆ ಹೋಗಿ ಜ್ವರ ಇದೆಯಾ ಅಂತ ಕೇಳಿದವರು ಅವರೇ. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಲ್ಲಿ ಕಣ್ಣಿನ ತಪಾಸಣೆಗೆ ಕೈಜೋಡಿಸಿದವರೂ ಅವರೇ. ಮುಂದೊಮ್ಮೆ ಊರು ಮುಚ್ಚುವ ಆದೇಶ ಬರೆಯುವವರು ವೈದ್ಯಕೀಯ ತುರ್ತು ಅನ್ನುವ ಎರಡು ಪದದ ಕೆಳಗೆ "ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾದರೂ ಸೇರಿ" ಅಂತ ಒಂದು ಸಾಲು ಸೇರಿಸಬೇಕು. ಹೊಲದ ಕೆಲಸಕ್ಕೆ ವಿನಾಯಿತಿ ಕೊಡುವ ದಿನವೇ ತಾಲ್ಲೂಕಿಗೆ ಒಂದು ಕಣ್ಣಿನ ಕ್ಲಿನಿಕ್ ತೆರೆದಿರುವಂತೆ, ಅಲ್ಲಿಗೆ ಹೋಗಲು ಒಂದು ವಾಹನ ಇರುವಂತೆ ನೋಡಿಕೊಳ್ಳಬೇಕು. ದೊಡ್ಡ ಖರ್ಚೇನೂ ಅಲ್ಲ.

ಮಾವ ಈಗ ದಿನಾ ಬೆಳಗ್ಗೆ ಗೋಡೆ ಕ್ಯಾಲೆಂಡರಿನ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ತಾರೀಖು ಓದುತ್ತಾರೆ. ಮನೆಯವರಿಗೆಲ್ಲ ಅದೊಂದು ನಗೆಚಾಟಿಕೆ. ಹೋದ ವರ್ಷ ಅವರ ಪಕ್ಕದ ಮನೆಯವರಿಗೆ ಬಲಗಣ್ಣಲ್ಲಿ ಸೊಳ್ಳೆ ಹಾರಿತಂತೆ. ನೋವಿಲ್ಲ, ಸಂತೆ ದಿನ ಹೋದರಾಯಿತು ಅಂದರಂತೆ. ಮಾವ ಬಿಡಲಿಲ್ಲ, ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹತ್ತಿಸಿದರು. ರೆಟಿನಾದಲ್ಲಿ ಸಣ್ಣ ಹರುಕು ಇತ್ತು, ಇನ್ನೂ ಕಳಚಿರಲಿಲ್ಲ. ಸುತ್ತ ಲೇಸರ್ ಹಾಕಿ ಅವತ್ತು ಸಂಜೆಗೇ ಮನೆಗೆ ಕಳಿಸಿದರು.